ನಾಲ್ಕು ಅಧ್ಯಾಯದ ಭಯ

ಕೇಳುಗರೆಲ್ಲರಿಗೂ ನಮಸ್ಕಾರ.

ದೆವ್ವದ ಕಥೆ ಅಂದರೆ ಹುಡುಗರ ಓದು ಎಂದು ಮೂಗು ಮುರಿಯುವವರು ಬಹಳ ಜನ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಓದುಗನನ್ನು ಅಳಿಸಬಹುದು, ನಗಿಸಬಹುದು; ನಿಜವಾಗಿ ಹೆದರಿಸುವುದು ಮಾತ್ರ ಬಲು ಕಷ್ಟ. ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ, ರಕ್ತ ಹೀರುವ ದೆವ್ವದ ಕಾದಂಬರಿ ‘ಡ್ರಾಕುಲಾ’ ಓದಬೇಕು. ಅದರಲ್ಲಿ 27 ಅಧ್ಯಾಯಗಳಿವೆ. ಮೊದಲ ನಾಲ್ಕು ಓದಿದರೆ ನಿದ್ದೆ ಹತ್ತುವುದಿಲ್ಲ. ಕೊನೆಯ ಹತ್ತನ್ನು ಮುಗಿಸಲು ಹಟ ಬೇಕಾಗುತ್ತದೆ. ಒಂದೇ ಪುಸ್ತಕದಲ್ಲಿ ಹೀಗೇಕೆ ಆಯಿತು ಎಂಬುದೇ ಇವತ್ತಿನ ನನ್ನ ಮಾತು.

ಜೊನಾಥನ್ ಹಾರ್ಕರ್ ಎಂಬ ತರುಣ ವಕೀಲ. ಲಂಡನ್ನಿನಲ್ಲಿ ಮನೆ ಕೊಳ್ಳಲಿರುವ ಶ್ರೀಮಂತ ಕೌಂಟ್ ಡ್ರಾಕುಲಾನ ಕಾಗದಪತ್ರ ಹಿಡಿದುಕೊಂಡು ಟ್ರಾನ್ಸಿಲ್ವೇನಿಯದ ಬೆಟ್ಟಗಳಲ್ಲಿರುವ ಅವನ ಕೋಟೆಗೆ ಹೋಗುತ್ತಾನೆ. ದಾರಿಯಲ್ಲಿ ತಂಗಿದ ಮನೆಯ ಮುದುಕಿ ಮಂಡಿಯೂರಿ ಬೇಡಿಕೊಳ್ಳುತ್ತಾಳೆ, ಈ ರಾತ್ರಿ ಹೋಗಬೇಡಪ್ಪಾ ಎಂದು. ಕೇಳದೆ ಹೊರಟವನ ಕೊರಳಿಗೆ ತನ್ನ ಕೊರಳಲ್ಲಿದ್ದ ಶಿಲುಬೆಯನ್ನೇ ಬಿಚ್ಚಿ ಹಾಕುತ್ತಾಳೆ. ಅಮಾವಾಸ್ಯೆಯ ದಿನ ಊರಿಗೆ ಹೊರಟ ಮಗನನ್ನು ತಡೆಯುವ ನಮ್ಮ ಅವ್ವಂದಿರೂ ಹೀಗೇ ಅಲ್ಲವೆ?

ಕೋಟೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿದ್ಧವಿರುತ್ತದೆ, ಹಾಸಿಗೆ ಅಚ್ಚುಕಟ್ಟಾಗಿರುತ್ತದೆ. ಆದರೆ ಒಬ್ಬ ಆಳೂ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಹಾರ್ಕರ್ ಮೆಲ್ಲಗೆ ತನ್ನ ಕೋಣೆಗೆ ಬಂದರೆ, ಕೌಂಟ್ ಡ್ರಾಕುಲಾ ತಾನೇ ನಿಂತು ಹಾಸಿಗೆ ಹಾಸುತ್ತಿದ್ದಾನೆ! ಆಮೇಲೆ ಕದದ ಸಂದಿಯಿಂದ ಇಣುಕಿದರೆ ಊಟದ ಮೇಜು ಅಣಿಮಾಡುತ್ತಿರುವವನೂ ಅವನೇ. ಅಂದರೆ ಇಷ್ಟು ದೊಡ್ಡ ಕೋಟೆಯಲ್ಲಿ ಇನ್ನೊಂದು ನರಪಿಳ್ಳೆಯಿಲ್ಲ. ಅಂದರೆ, ಆ ಕತ್ತಲಲ್ಲಿ ಬರೀ ಕೈಸನ್ನೆಯಿಂದ ತೋಳಗಳನ್ನು ಹಿಂದಟ್ಟಿ ತನ್ನನ್ನು ಇಲ್ಲಿಗೆ ಕರೆತಂದ ಗಾಡಿಯವನು ಯಾರು? ರಕ್ತವಿಲ್ಲ, ಕೋರೆಹಲ್ಲಿಲ್ಲ. ಹಾಸಿಗೆ ಹಾಸುವ ಒಬ್ಬ ಮನುಷ್ಯ, ಅಷ್ಟೆ. ಅದನ್ನು ಓದಿದಾಗ ನನಗೆ ಬೆನ್ನಲ್ಲಿ ಚಳಿ ಹುಟ್ಟಿತು. ಮುಂದೆ ಅದೇ ಕೌಂಟ್ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಹಲ್ಲಿಯಂತೆ ಹರಿದು ಇಳಿಯುವುದನ್ನು ಹಾರ್ಕರ್ ಕಿಟಕಿಯಿಂದ ನೋಡುತ್ತಾನೆ. ಅಷ್ಟು ಹೊತ್ತಿಗೆ ನಾವೂ ಆ ಕಿಟಕಿಯಲ್ಲೇ ನಿಂತಿರುತ್ತೇವೆ.

ಸ್ಟೋಕರ್ ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾಗಿದ್ದವನು. ಟ್ರಾನ್ಸಿಲ್ವೇನಿಯವನ್ನು ಕಣ್ಣಾರೆ ಕಂಡವನೇ ಅಲ್ಲ. ಪುಸ್ತಕಗಳನ್ನು ಓದಿಯೇ ಅದನ್ನು ಕಟ್ಟಿದ. ಆ ಶಕ್ತಿಗೆ ಕೈ ಮುಗಿಯಬೇಕು.

ಏಳನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ಆ ಎತ್ತರ ಮುಟ್ಟುತ್ತಾನೆ. ಡ್ರಾಕುಲಾನನ್ನು ಇಂಗ್ಲೆಂಡಿಗೆ ಹೊತ್ತು ತರುವ ಹಡಗಿನ ನಾವಿಕರು ಒಬ್ಬೊಬ್ಬರಾಗಿ ಮಾಯವಾಗುತ್ತಾರೆ. ಕ್ಯಾಪ್ಟನ್ ತನ್ನ ಕೈಗಳನ್ನು ಚುಕ್ಕಾಣಿಗೆ ಕಟ್ಟಿಕೊಂಡು ಸಾಯುತ್ತಾನೆ. ಕೆಲವೇ ಪುಟಗಳ ದಿನಚರಿ ಅದು.

ಆಮೇಲೆ ಕಾದಂಬರಿ ಜಾರುತ್ತದೆ. ಡ್ರಾಕುಲಾನನ್ನು ಬೇಟೆಯಾಡಲು ಒಂದು ಗುಂಪು ಕೂಡುತ್ತದೆ. ಹಾರ್ಕರನ ಹೆಂಡತಿ ಮೀನಾ ಅವರೆಲ್ಲರ ದಿನಚರಿಗಳನ್ನೂ ಟೈಪ್ ಮಾಡಿ ಒಟ್ಟುಗೂಡಿಸುತ್ತಾಳೆ, ಎಲ್ಲರೂ ಎಲ್ಲವನ್ನೂ ಓದುತ್ತಾರೆ. ಅಲ್ಲಿಗೆ ಒಂಟಿತನ ಹೋಯಿತು, ಅದರ ಜೊತೆಗೆ ಭಯವೂ ಹೋಯಿತು. ಗುಂಪಿನ ಮುಂದಾಳು ಪ್ರೊಫೆಸರ್ ವಾನ್ ಹೆಲ್ಸಿಂಗ್ ಪುಟಗಟ್ಟಲೆ ಭಾಷಣ ಮಾಡುತ್ತಾನೆ. ಕೌಂಟ್ ಅಡಗಿ ಮಲಗುವ, ಮಣ್ಣು ತುಂಬಿದ 50 ಪೆಟ್ಟಿಗೆಗಳು ಎಲ್ಲೆಲ್ಲಿಗೆ ಹೋದವು ಎಂದು ಸಾಗಣೆಯವರನ್ನು ವಿಚಾರಿಸುತ್ತಾ ತಿರುಗುತ್ತಾರೆ. ಕೌಂಟ್ ಎದುರಿಗೆ ಬರುವುದೇ ಅಪರೂಪ. ಕೊನೆಗೆ ಅಷ್ಟು ದೂರ ಬೆನ್ನಟ್ಟಿ ಹೋಗಿ, ಒಬ್ಬನ ಕುಕ್ರಿ ಕತ್ತಿ, ಇನ್ನೊಬ್ಬನ ಚೂರಿ, ನಾಲ್ಕಾರು ಸಾಲು, ಡ್ರಾಕುಲಾ ಧೂಳಾಗುತ್ತಾನೆ. ಅಂಥ ಕೌಂಟ್‌ಗೆ ಇಂಥ ಅವಸರದ ಸಾವು ಬರೆದದ್ದಕ್ಕೆ ನನಗೆ ಇಂದಿಗೂ ಸಂಕಟ.

ವಿಜಯಪುರದ ಕೇಳುಗರಿಗೆ ಇದನ್ನು ಹೇಳಲು ಕಾರಣವಿದೆ. ನಮ್ಮೂರಿನ ಸಾಠ್ ಕಬರ್ ನೀವು ನೋಡಿರಬಹುದು. ಕರಿಕಲ್ಲಿನ ಗೋರಿಗಳು ಸಾಲುಸಾಲಾಗಿವೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫಜಲಖಾನ, ನೀನು ಮರಳಿ ಬರುವುದಿಲ್ಲ ಎಂದು ಜ್ಯೋತಿಷಿ ನುಡಿದದ್ದಕ್ಕೆ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ತಳ್ಳಿಸಿದ ಎಂಬುದು ಜನರ ಬಾಯಲ್ಲಿರುವ ಕಥೆ. ಒಬ್ಬಳು ತಪ್ಪಿಸಿಕೊಂಡು ಓಡಿದಳು, ಸಿಕ್ಕಿಬಿದ್ದಳು ಎಂದೂ ಹೇಳುತ್ತಾರೆ. ಇದು ದಂತಕಥೆಯೇ ಇರಬಹುದು, ಆದರೆ ಕಾದಂಬರಿಗೆ ಇದಕ್ಕಿಂತ ಗಟ್ಟಿಯಾದ ಎಳೆ ಎಲ್ಲಿ ಸಿಕ್ಕೀತು?

ಇದನ್ನು ಬರೆಯಬೇಕೆಂಬ ತರುಣರಿದ್ದರೆ ನನ್ನದೊಂದು ಕೋರಿಕೆ. ಮಂತ್ರವಾದಿ, ಇತಿಹಾಸದ ಪ್ರಾಧ್ಯಾಪಕ, ಪೊಲೀಸ್ ಅಧಿಕಾರಿ ಎಂದು ಹತ್ತು ಜನರನ್ನು ಕೂಡಿಸಿ ಗುಟ್ಟು ಬಿಡಿಸಬೇಡಿ. ಓಡಿದ ಆ ಒಬ್ಬಳ ಜೊತೆಗೇ ಇರಿ. ಅವಳಿಗೆ ಕಂಡದ್ದಷ್ಟೇ ನಮಗೂ ಕಾಣಲಿ. ಬರೆಯಲು ಕೂರುವ ಮುಂಚೆ ‘ಡ್ರಾಕುಲಾ’ದ ಮೊದಲ ನಾಲ್ಕು ಅಧ್ಯಾಯಗಳನ್ನೂ ಏಳನೆಯದನ್ನೂ ಎರಡೆರಡು ಸಲ ಓದಿ. ಉಳಿದದ್ದನ್ನೂ ಓದಿ, ಕೈಯಲ್ಲಿ ಪೆನ್ಸಿಲ್ ಹಿಡಿದು, ಭಯ ಎಲ್ಲಿ ಕಡಿಮೆಯಾಯಿತೋ ಅಲ್ಲಿ ಗುರುತು ಹಾಕುತ್ತ.

ನಮಸ್ಕಾರ.