ಪತ್ರೊಡೆ ಮೇಲೆ ಬಂದ ಆರೋಪ

ಕೇಳುಗರಿಗೆ ನಮಸ್ಕಾರ.

ಪುನರ್ವಸು ಮಳೆ ಹಿಡಿದಿತ್ತು. ನಾನಾಗ ಮೆಡಿಕಲ್ ಕಾಲೇಜಿನ ಎರಡನೇ ವರ್ಷ. ರಜೆಗೆ ಅಂತ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಮಧ್ಯಾಹ್ನ ಅಮ್ಮ ಕೆಸುವಿನ ಎಲೆಯ ಪತ್ರೊಡೆ ಮಾಡಿದ್ದರು. ಲೆಕ್ಕ ಇಡದೆ ತಿಂದೆ. ಎರಡು ದಿನದಿಂದ ಹಲ್ಲುನೋವು ಬೇರೆ ಇತ್ತು. ಊಟ ಮುಗಿಸಿ ಒಂದು ನೋವಿನ ಮಾತ್ರೆ ನುಂಗಿ ಮಲಗಿದೆ.

ಒಂದು ಗಂಟೆಯೂ ಆಗಿರಲಿಲ್ಲ. ಸೊಂಟದ ಹತ್ತಿರ ತುರಿಕೆ ಶುರುವಾಯಿತು. ನೋಡಿದರೆ ಉಬ್ಬಿದ ದದ್ದುಗಳು. ಒಂದೊಂದೂ ಎಂಟಾಣೆಯಷ್ಟು ಅಗಲ, ನಡುವೆ ಬಿಳಿಚು, ಸುತ್ತ ಕೆಂಪು. ನೋಡುತ್ತಿದ್ದ ಹಾಗೇ ಎರಡು ಸೇರಿ ಒಂದಾಗುತ್ತಿದ್ದವು. ಹೊಟ್ಟೆಯಲ್ಲಿ ಇಳಿದರೆ ತೊಡೆಯಲ್ಲಿ ಏಳುತ್ತಿದ್ದವು.

ಅಜ್ಜಿ ಒಂದೇ ಸಲ ನೋಡಿ ತೀರ್ಪು ಕೊಟ್ಟರು. "ಪಿತ್ತದ ಗಂಧೆ ಕಣೋ. ಕೆಸು ನಂಜಾಗಿದೆ." ಒಳಗಿಂದ ಕರಿ ಕಂಬಳಿ ತಂದು ಬೆನ್ನು ಉಜ್ಜಿದರು. ಅಮ್ಮ ಮುರುಗಲು ಹಣ್ಣಿನ ಪಾನಕ ಕೊಟ್ಟರು. ಬೆಳಗಾಗುವಷ್ಟರಲ್ಲಿ ಮೈ ಮೇಲೆ ಒಂದು ಗುರುತೂ ಇರಲಿಲ್ಲ. ಹೆಸರು ಕಂಬಳಿಗೆ ಬಂತು, ಅಪವಾದ ಪತ್ರೊಡೆಗೆ. ಎರಡು ವರ್ಷ ನಾನು ಪತ್ರೊಡೆ ಮುಟ್ಟಲಿಲ್ಲ.

ಆಮೇಲೊಂದು ದಿನ ಹಾಸ್ಟೆಲಿನಲ್ಲಿ ತಲೆನೋವು ಅಂತ ಅದೇ ಮಾತ್ರೆ ನುಂಗಿದೆ. ಅದೇ ದದ್ದು, ಅದೇ ತುರಿಕೆ. ಹಾಸ್ಟೆಲ್ ಮೆಸ್ಸಿಗೆ ಕೆಸು ಎಲ್ಲಿಂದ ಬರಬೇಕು ಹೇಳಿ?

ಈ ಗಂಧೆ ಏನು ಅಂತ ತಿಳಿಯಲು ತೋಟದ ಅಂಚಿನ ತುರುಚೆ ಗಿಡ ನೆನಪಿಸಿಕೊಳ್ಳಿ. ಅದು ತಾಗಿದರೆ ಸಾಕು, ಚರ್ಮ ಉಬ್ಬಿ ಉರಿಯುತ್ತದೆ. ಅದರ ಸಣ್ಣ ಕೂದಲು ಚುಚ್ಚಿ ಒಳಗೆ ಬಿಡುವ ರಸದಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಇರುತ್ತದೆ. ತಮಾಷೆ ಏನೆಂದರೆ, ಅದೇ ಹಿಸ್ಟಮಿನ್ ನಮ್ಮ ಚರ್ಮದೊಳಗೂ ಇದೆ. ಮಾಸ್ಟ್ ಕಣಗಳು ಅಂತ ಇವೆ, ಅವು ಅದನ್ನು ತುಂಬಿಟ್ಟುಕೊಂಡು ಕೂತಿರುತ್ತವೆ. ಯಾವುದೋ ಕಾರಣಕ್ಕೆ ಅವು ಕೆರಳಿದರೆ ಅದೆಲ್ಲ ಹೊರಗೆ ಬೀಳುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಜಿನುಗುತ್ತದೆ. ಅದೇ ಆ ಉಬ್ಬು. ಡಾಕ್ಟರುಗಳು ಇದಕ್ಕೆ ಅರ್ಟಿಕೇರಿಯಾ ಅನ್ನುತ್ತಾರೆ. ಆ ಹೆಸರು ಹುಟ್ಟಿದ್ದೂ ತುರುಚೆ ಜಾತಿಯ ಗಿಡದ ಲ್ಯಾಟಿನ್ ಹೆಸರಿನಿಂದಲೇ.

ಕಂಬಳಿ ಉಜ್ಜಿದಾಗ ಹಾಯೆನಿಸಿದ್ದು ಸುಳ್ಳಲ್ಲ. ಉರಿ ಮೇಲೆ ಬಂದರೆ ತುರಿಕೆ ಮರೆತುಹೋಗುತ್ತದೆ. ಆದರೆ ಉಜ್ಜಿದಷ್ಟೂ ಆ ಕಣಗಳು ಇನ್ನೂ ಜಾಸ್ತಿ ಕೆರಳುತ್ತವೆ. ಬಚ್ಚಲ ಹಂಡೆಯ ಸುಡುನೀರು ಹೊಯ್ದುಕೊಂಡರೂ ಅದೇ ಪಾಡು. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿ, ಸಡಿಲ ಹತ್ತಿ ಬಟ್ಟೆ ಉಡಿ. ಕೆಲವರಿಗೆ ಚಳಿಗೇ ಗಂಧೆ ಏಳುತ್ತದೆ, ಅವರಿಗೆ ಮಾತ್ರ ತಣ್ಣೀರು ಬೇಡ. ಮುರುಗಲು ಪಾನಕ ಕುಡಿಯಿರಿ, ಅದಕ್ಕೆ ನನ್ನದೇನೂ ತಕರಾರಿಲ್ಲ. ಅಜ್ಜಿ ಇದ್ದಿದ್ದರೆ ಅಷ್ಟಾದರೂ ಒಪ್ಪಿದನಲ್ಲ ಅನ್ನುತ್ತಿದ್ದರು.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಒಂದು ದದ್ದಿನ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ಗಂಟೆ ಬರೆಯಿರಿ. ನಾಳೆ ಅದೇ ಹೊತ್ತಿಗೆ ನೋಡಿ. ಗಂಧೆಯಾದರೆ ಗೆರೆಯೊಳಗೆ ಏನೂ ಇರುವುದಿಲ್ಲ. ಹೊಸದು ಬೇರೆಲ್ಲೋ ಎದ್ದಿರಬಹುದು, ಆದರೆ ಆ ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಇಳಿದಿರುತ್ತದೆ. ಇಳಿಯದೆ ಅಲ್ಲೇ ಕೂತಿದ್ದರೆ, ನೋವಿದ್ದರೆ, ಹೋದ ಮೇಲೆ ಪೆಟ್ಟು ಬಿದ್ದ ಹಾಗೆ ಕಂದು ಕಲೆ ಉಳಿದರೆ, ಅದು ಬೇರೆ ವಿಷಯ. ಡಾಕ್ಟರಿಗೆ ತೋರಿಸಿ.

ನಮ್ಮ ಕಡೆ ಈ ಪರೀಕ್ಷೆ ಯಾಕೆ ಬೇಕು ಅಂದರೆ, ಮಲೆನಾಡಿನಲ್ಲಿ ತುರಿಕೆಗೆ ನೂರೆಂಟು ದಾರಿ. ಕಾಡುಗೇರಿನ ಸೊನೆ ತಾಗಿದರೆ ಅವತ್ತೇ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ನೀರುಗುಳ್ಳೆ ಏಳುತ್ತದೆ, ವಾರಗಟ್ಟಲೆ ಇರುತ್ತದೆ. ಸೊನೆ ತಾಗಿದ ತಕ್ಷಣ ಸೋಪು ಹಾಕಿ ತೊಳೆದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ರಾತ್ರಿ ಹೊತ್ತು ಬೆರಳ ಸಂದಿಯಲ್ಲಿ ತುರಿಕೆ, ಮನೆಯಲ್ಲಿ ಇನ್ನಿಬ್ಬರಿಗೂ ಶುರುವಾಗಿದೆ ಅಂದರೆ ಅದು ಕಜ್ಜಿ. ಮನೆಮಂದಿಯೆಲ್ಲ ಒಂದೇ ದಿನ ಮುಲಾಮು ಹಚ್ಚಬೇಕು. ಇನ್ನು ಬೇಸಿಗೆ ಕಡೆ ಕಾಡಿಗೆ ಹೋಗಿಬಂದ ಮೇಲೆ ಉಣುಗು ಕಚ್ಚಿದ ಜಾಗ ತುರಿಸುವುದಿದೆ. ತುರಿಕೆಯೇನೋ ಹೋಗುತ್ತದೆ. ಜೊತೆಗೆ ಜ್ವರ ಬಂತೋ, ಸುಮ್ನೆ ಮನೆಯಲ್ಲಿ ಮಲಗಬೇಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಅದು ನಿಮಗೆಲ್ಲ ಗೊತ್ತಿರುವುದೇ.

ಗಂಧೆಗೆ ಕಾರಣ ಹುಡುಕುವಾಗ ನಾವೆಲ್ಲ ಮೊದಲು ಊಟದ ತಟ್ಟೆ ನೋಡುತ್ತೇವೆ. ಸಿಗಡಿ, ಏಡಿ, ಮೊಟ್ಟೆ, ಶೇಂಗಾದಿಂದ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಹಾಗೆ ಬಂದರೆ ಸಾಧಾರಣವಾಗಿ ತಿಂದ ಒಂದೆರಡು ಗಂಟೆಯೊಳಗೇ ಏಳುತ್ತದೆ, ತಿಂದಾಗಲೆಲ್ಲ ಏಳುತ್ತದೆ. ನೋವಿನ ಮಾತ್ರೆ, ಆ್ಯಂಟಿಬಯೊಟಿಕ್, ಕಣಜದ ಕಡಿತ, ಇವನ್ನು ಮಾತ್ರ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಕ್ಕಳಲ್ಲಂತೂ ಎಷ್ಟೋ ಸಲ ಶೀತ ಜ್ವರದ ಬೆನ್ನಿಗೇ ಗಂಧೆ ಬರುತ್ತದೆ. ಕೆಸು ತಿಂದು ಗಂಟಲು ತುರಿಸುವ ಕಥೆಯೇ ಬೇರೆ. ಅದರಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಅವು ಚುಚ್ಚುತ್ತವೆ ಅಷ್ಟೇ.

ಆರು ವಾರ ದಾಟಿಯೂ ಗಂಧೆ ಏಳುತ್ತಲೇ ಇದ್ದರೆ ಕಾರಣ ಊಟದಲ್ಲಿ ಸಿಗುವುದು ಬಹಳ ಅಪರೂಪ. ಆದರೂ ಜನ ಬದನೆ ಬಿಡುತ್ತಾರೆ, ಮೊಸರು ಬಿಡುತ್ತಾರೆ, ಕೊನೆಗೆ ಗಂಜಿ ಉಪ್ಪಿನಕಾಯಿಗೆ ಬಂದು ನಿಲ್ಲುತ್ತಾರೆ. ಉಪ್ಪಿನಕಾಯಿಯನ್ನು ಬಿಟ್ಟವರನ್ನು ನಾನಂತೂ ಕಂಡಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಉದ್ದನೆಯ ಅಲರ್ಜಿ ಪಟ್ಟಿ ಹಿಡಿದು ಬರುವವರನ್ನು ನೋಡಿದರೆ ಬೇಜಾರಾಗುತ್ತದೆ. ಅದರಿಂದ ಸಿಗುವ ಉಪಕಾರ ಕಮ್ಮಿ.

ಔಷಧಿ ಅಂದರೆ ಹಿಸ್ಟಮಿನ್‌ಗೆ ತಡೆ ಹಾಕುವ ಮಾತ್ರೆ. ಸೆಟ್ರಿಜಿನ್ ಹೆಸರು ಕೇಳಿರುತ್ತೀರಿ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 10 ಮಿಲಿಗ್ರಾಂನ ಒಂದು. ನಿದ್ದೆ ತರಿಸಬಹುದು, ನುಂಗಿ ಬೈಕ್ ಹತ್ತಬೇಡಿ, ಅಡಿಕೆ ಮರವನ್ನಂತೂ ಹತ್ತಲೇಬೇಡಿ. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಿ. ಮಕ್ಕಳಿಗೂ ಅಷ್ಟೇ. ಪದೇ ಪದೇ ಏಳುವವರು ತುರಿಸಿದಾಗೊಂದು ನುಂಗುವುದಲ್ಲ, ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. "ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ" ಅಂತ ಹಟ ಹಿಡಿಯುತ್ತಾರೆ. ಸ್ಟೀರಾಯ್ಡ್ ಸೂಜಿಗೆ ದದ್ದು ಇಳಿಯಬಹುದು, ಆದರೆ ಅದರ ಗುಣ ಮುಗಿದ ಮೇಲೆ ಮತ್ತೆ ಏಳುವುದೂ ಉಂಟು. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಟ್ಯೂಬು ಗಂಧೆಗೆ ಏನೂ ಮಾಡುವುದಿಲ್ಲ. ಅದು ಹುಳುಕಡ್ಡಿಯಾಗಿದ್ದರೆ ಇನ್ನೂ ಹಬ್ಬಿಸುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಪೆನ್ನೂ ಬೇಡ, ಪಾನಕವೂ ಬೇಡ. ನಾಲಿಗೆ ದಪ್ಪವಾಯಿತು, ದನಿ ಒಡೆಯಿತು, ಉಸಿರು ಕಟ್ಟುತ್ತಿದೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂತು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಹೆಜ್ಜೇನು, ಕಣಜ ಕಡಿದಾಗ ಹೀಗಾಗುವುದುಂಟು. ಅಲ್ಲಿ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ನಮ್ಮ ಒಂಟಿ ಮನೆಗಳಿಗೆ ಆಂಬುಲೆನ್ಸ್ ಬರುವುದು ತಡವಾಗಬಹುದು, ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ. ಮನೆ ಜೀಪಿನಲ್ಲಿ ಹೊರಟುಬಿಡಿ, 108 ಎದುರಿಗೆ ಬರಲಿ. ತಲೆ ಸುತ್ತುತ್ತಿದ್ದವರನ್ನು ಮಲಗಿಸಿ, ಉಸಿರಾಡಲು ಕಷ್ಟ ಇದ್ದವರನ್ನು ಕೂರಿಸಿಯೇ ಕರೆದೊಯ್ಯಿರಿ.

ನನಗೆ ಆಗದ ಆ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸುತ್ತೇನೆ. ಪತ್ರೊಡೆ ಮತ್ತೆ ಶುರು ಮಾಡಿ ಬಹಳ ವರ್ಷ ಆಯಿತು. ಅಜ್ಜಿ ಮಾತ್ರ ಕೊನೆವರೆಗೂ ಒಪ್ಪಲಿಲ್ಲ. "ಮಾತ್ರೆ ಅಲ್ಲ ಮಾರಾಯ, ಅವತ್ತು ನಿಮ್ಮಮ್ಮ ಹುಳಿ ಕಮ್ಮಿ ಹಾಕಿದ್ದಳು" ಅನ್ನುತ್ತಿದ್ದರು.

ನಮಸ್ಕಾರ.