ಆತ್ಮಹತ್ಯೆಯ ನಂತರ ಉಳಿದವರ ದುಃಖ

ಕೇಳುಗರಿಗೆ ನಮಸ್ಕಾರ.

ಮನೆಯವರೊಬ್ಬರೋ ಆಪ್ತ ಗೆಳೆಯರೊಬ್ಬರೋ ಆತ್ಮಹತ್ಯೆಯಿಂದ ತೀರಿಕೊಂಡಾಗ ಉಳಿದವರು ಹೊರಬೇಕಾಗುವ ದುಃಖದ ಬಗ್ಗೆ ಇಂದು ಮಾತನಾಡುತ್ತೇನೆ. ಇಂಥ ಸಾವನ್ನು ಇತ್ತೀಚೆಗಷ್ಟೇ ಕಂಡವರಿಗೆ ಈ ಮಾತುಗಳನ್ನು ಕೇಳುವುದು ಕಷ್ಟವೆನಿಸಿದರೆ ದಯವಿಟ್ಟು ರೇಡಿಯೋ ಆರಿಸಿಬಿಡಿ. ಮುಂದೆಂದಾದರೂ ಜೊತೆಯಲ್ಲೊಬ್ಬರು ಇರುವಾಗ ಈ ವಿಷಯಕ್ಕೆ ಮರಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ಈ ಲೆಕ್ಕದಲ್ಲಿ ಉಳಿದವರು ಸೇರಿಲ್ಲ. ಅಮೆರಿಕದ ಸಂಶೋಧಕಿ ಜೂಲಿ ಸೆರೆಲ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಇಂಥ ಒಂದು ಸಾವು ತೀರಿಹೋದವರನ್ನು ಬಲ್ಲ ಸುಮಾರು 135 ಮಂದಿಯನ್ನು ಒಂದಲ್ಲ ಒಂದು ಬಗೆಯಲ್ಲಿ ತಟ್ಟುತ್ತದೆ. ಅವರಲ್ಲಿ ಕೆಲವರು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳಬಹುದು. ಇನ್ನು ಕೆಲವರ ಬದುಕು ಆ ದಿನದ ಹಿಂದಿನದು, ಆ ದಿನದ ನಂತರದ್ದು ಎಂದು ಎರಡಾಗಿ ಹೋಗುತ್ತದೆ.

ಸಾವಿನ ಮನೆಗೆ ಹೋದವರು ಸಾಮಾನ್ಯವಾಗಿ ಸಮಾಧಾನ ಹೇಳುತ್ತಾರೆ. ಆತ್ಮಹತ್ಯೆಯಾದ ಮನೆಯಲ್ಲಿ ಮಾತ್ರ ಪ್ರಶ್ನೆಗಳು ಕೇಳಿಬರುತ್ತವೆ: ಏನಾಗಿತ್ತು, ಜಗಳವಾಗಿತ್ತೇ, ಸಾಲವಿತ್ತೇ, ನಿಮಗೆ ಸ್ವಲ್ಪವೂ ಸುಳಿವು ಸಿಕ್ಕಿರಲಿಲ್ಲವೇ? ಪೊಲೀಸರು ಕೇಳಿದರೆ ಅದು ಅವರ ಕರ್ತವ್ಯವೆನ್ನೋಣ. ನೆಂಟರಿಷ್ಟರು, ನೆರೆಹೊರೆಯವರು ಕೇಳತೊಡಗಿದಾಗ ಶೋಕವೇ ವಿಚಾರಣೆಯಾಗಿ ಮಾರ್ಪಡುತ್ತದೆ. ಅದಕ್ಕಿಂತಲೂ ಕಠೋರವಾದುದು ದುಃಖಿತರು ತಮ್ಮ ಮೇಲೆ ತಾವೇ ನಡೆಸಿಕೊಳ್ಳುವ ವಿಚಾರಣೆ. ಹೊರಗಿನವರು ಎದ್ದುಹೋದ ಮೇಲೂ, ನಡುರಾತ್ರಿಯಲ್ಲೂ ಅದು ನಿಲ್ಲುವುದಿಲ್ಲ: ಅಂದು ಆ ಕರೆಯನ್ನು ನಾನು ಎತ್ತಿದ್ದರೆ, ಆ ಮಾತು ಆಡದೇ ಇದ್ದಿದ್ದರೆ, ಊರಿಗೆ ಹೋಗದೆ ಮನೆಯಲ್ಲೇ ಉಳಿದಿದ್ದರೆ.

ಈ ವಿಚಾರಣೆಯಲ್ಲಿ ನ್ಯಾಯವಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಅದಕ್ಕೆ ಕಾರಣವಿದೆ. ಒಂದು ಘಟನೆಯ ಫಲಿತಾಂಶ ತಿಳಿದ ಮೇಲೆ, ಅದು ಮೊದಲೇ ಊಹಿಸಬಹುದಾಗಿತ್ತು ಎಂದು ಮನುಷ್ಯರಿಗೆ ಅನ್ನಿಸುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ಬಾರೂಕ್ ಫಿಷ್‌ಹಾಫ್ 1975ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಉತ್ತರ ಗೊತ್ತಾದ ಮೇಲೆ ಒಗಟು ಸುಲಭವೆನಿಸುವಂತೆ, ಇಂದು ಎದ್ದು ಕಾಣುವ ಸುಳಿವುಗಳು ಅಂದು ನೂರಾರು ಸಾಧಾರಣ ಮಾತುಗಳ, ಸಾಧಾರಣ ದಿನಗಳ ನಡುವೆ ಬೆರೆತುಹೋಗಿದ್ದವು. ಜಗಳವಾಗದ ಮನೆಯಿಲ್ಲ, ಎತ್ತದೇ ಬಿಟ್ಟ ಕರೆಗಳಿಲ್ಲದ ಫೋನಿಲ್ಲ. ಅಂದು ನಿಮಗೆ ಎಷ್ಟು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ನೀವು ನಡೆದುಕೊಂಡಿರಿ. ನಂತರ ತಿಳಿದದ್ದನ್ನು ಹಿಂದಕ್ಕೆ ಒಯ್ದು ಅಂದಿನ ನಿಮ್ಮನ್ನು ಶಿಕ್ಷಿಸುವುದು ಸರಿಯಲ್ಲ.

ಆತ್ಮಹತ್ಯೆಯ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಎಡ್ವಿನ್ ಶ್ನೈಡ್‌ಮನ್ ಇನ್ನೊಂದು ಮುಖ್ಯ ಸಂಗತಿಯನ್ನು ಗುರುತಿಸಿದ್ದರು. ತಾಳಲಾರದ ಮಾನಸಿಕ ನೋವಿನಲ್ಲಿರುವವರ ಯೋಚನೆ ಬಹಳ ಕಿರಿದಾಗುತ್ತದೆ. ಈ ನೋವು ಮುಂದುವರಿಯುವುದು ಅಥವಾ ಎಲ್ಲವೂ ಮುಗಿಯುವುದು, ಇವೆರಡರ ಹೊರತಾಗಿ ಮೂರನೆಯ ದಾರಿಯೇ ಅವರಿಗೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮಕ್ಕಳು, ತಾಯಿ, ಗೆಳೆಯರು ಅವರ ಕಣ್ಣಿನಿಂದ ಮರೆಯಾಗಿರಬಹುದು, ಅಥವಾ ತಾವಿಲ್ಲದಿದ್ದರೆ ಇವರೆಲ್ಲರ ಹೊರೆ ಕಡಿಮೆಯಾದೀತು ಎಂದು ಅವರಿಗೆ ತಪ್ಪಾಗಿ ತೋರಿರಬಹುದು. ಆದ್ದರಿಂದ ‘ನಮ್ಮ ಮೇಲೆ ಪ್ರೀತಿಯಿದ್ದಿದ್ದರೆ ಹೀಗೆ ಮಾಡುತ್ತಿದ್ದರೇ’ ಎಂಬ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ, ಅವರ ಸಾವು ನಿಮ್ಮ ಪ್ರೀತಿಯನ್ನೋ ಅವರ ಪ್ರೀತಿಯನ್ನೋ ಅಳೆದು ಕೊಟ್ಟ ತೀರ್ಪಲ್ಲ ಎಂದು ನಾನು ಹೇಳಬಯಸುತ್ತೇನೆ. ಆತ್ಮಹತ್ಯೆಗೆ ಒಂದೇ ಕಾರಣವಿರುವುದು ಅಪರೂಪ. ಖಿನ್ನತೆ, ದೀರ್ಘ ಕಾಯಿಲೆ, ಕುಡಿತ, ನಷ್ಟ, ಅವಮಾನ, ಒಂಟಿತನ ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಪತ್ರವೊಂದನ್ನು ಬರೆದಿಟ್ಟು ಹೋಗಿದ್ದರೂ ಅದು ಆ ಗಳಿಗೆಯ ಮನಸ್ಸನ್ನಷ್ಟೇ ತಿಳಿಸಬಲ್ಲದು. ‘ಯಾಕೆ’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದೆಯೇ ಬದುಕಬೇಕಾಗಿ ಬರಬಹುದು, ಮತ್ತು ಅನೇಕರು ಹಾಗೆ ಬದುಕಿದ್ದಾರೆ.

ದುಃಖದ ಜೊತೆಯಲ್ಲಿ ಕೋಪವೂ ಬರುತ್ತದೆ. ನಮ್ಮನ್ನು ಹೀಗೆ ಬಿಟ್ಟುಹೋದರಲ್ಲ ಎಂಬ ಸಿಟ್ಟು ತೀರಿಹೋದವರ ಮೇಲೆಯೇ ಉಕ್ಕಬಹುದು. ವರ್ಷಗಟ್ಟಲೆ ಕಾಯಿಲೆಯ ಏರಿಳಿತವನ್ನು ನೋಡಿ, ಪ್ರತಿ ರಾತ್ರಿಯೂ ಹೆದರಿಕೊಂಡೇ ಮಲಗಿದ ಮನೆಯವರಿಗೆ ಒಂದು ಬಗೆಯ ಬಿಡುಗಡೆಯ ಭಾವವೂ ಬರಬಹುದು. ಅದನ್ನು ಯಾರ ಬಳಿಯೂ ಹೇಳಲಾಗದೆ ಅವರು ಒಳಗೊಳಗೇ ಬೇಯುತ್ತಾರೆ. ಪ್ರೀತಿ ಇದ್ದಲ್ಲಿಯೇ ಇವೆಲ್ಲವೂ ಹುಟ್ಟುತ್ತವೆ, ನಾಚಿಕೊಳ್ಳಬೇಕಾಗಿಲ್ಲ. ಒಂದೇ ಮನೆಯಲ್ಲಿ ಒಬ್ಬರು ದಿನವಿಡೀ ಅದೇ ಮಾತಾಡಬಯಸಿದರೆ ಇನ್ನೊಬ್ಬರು ಬಾಯಿಯನ್ನೇ ತೆರೆಯದಿರಬಹುದು. ಮೌನವಾಗಿರುವವರಿಗೆ ದುಃಖವಿಲ್ಲವೆಂದು ತಿಳಿದು ಸಂಬಂಧಗಳು ಒಡೆದದ್ದುಂಟು.

ಗೆಳೆಯರ ಸ್ಥಿತಿ ಇನ್ನೂ ವಿಚಿತ್ರ. ಶೋಕಿಸುವ ಹಕ್ಕು ಮನೆಯವರಿಗಷ್ಟೇ ಎಂಬಂತೆ ಸುತ್ತಲಿನವರು ವರ್ತಿಸುತ್ತಾರೆ. ಹೀಗೆ ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖದ ಬಗ್ಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ವಿಸ್ತಾರವಾಗಿ ಬರೆದರು. ಸಹೋದ್ಯೋಗಿ, ಸಹಪಾಠಿ, ಹಳೆಯ ಪ್ರೇಮಿ, ಇವರಿಗೆ ರಜೆಯೂ ಸಿಗದು, ಸಾಂತ್ವನವೂ ಸಿಗದು. ನಿಮ್ಮ ಸುತ್ತ ಅಂಥವರಿದ್ದರೆ ಅವರನ್ನೂ ಒಮ್ಮೆ ಹೋಗಿ ಕಾಣಿ.

ಮಕ್ಕಳಿಂದ ಸತ್ಯವನ್ನು ಮುಚ್ಚಿಡಬೇಡಿ. ಅವರ ವಯಸ್ಸಿಗೆ ತಕ್ಕಷ್ಟು, ವಿವರಗಳಿಲ್ಲದೆ, ಸರಳ ಮಾತಿನಲ್ಲಿ ಮನೆಯವರೇ ಹೇಳುವುದು ಒಳ್ಳೆಯದು. ಇಲ್ಲವಾದರೆ ಬೇರೆಯವರ ಬಾಯಿಂದ ಒರಟಾಗಿ ಅದು ಅವರ ಕಿವಿಗೆ ಬೀಳುತ್ತದೆ. ‘ಇದು ನಿನ್ನಿಂದ ಆದದ್ದಲ್ಲ’ ಎಂಬುದನ್ನು ಮಗು ಕೇಳದೆಯೇ ನೀವು ಹೇಳಬೇಕು, ಮತ್ತೆ ಮತ್ತೆ ಹೇಳಬೇಕು.

ಮೊದಲ ವಾರಗಳಲ್ಲಿ ದೊಡ್ಡ ನಿರ್ಧಾರಗಳನ್ನು ಮುಂದಕ್ಕೆ ಹಾಕಿ. ಹೊತ್ತಿಗೆ ಸರಿಯಾಗಿ ಊಟ, ಆದಷ್ಟು ನಿದ್ರೆ, ಮದ್ಯದಿಂದ ದೂರ, ಇಷ್ಟನ್ನು ಸಾಧಿಸಿದರೂ ಅದು ದೊಡ್ಡದೇ. ಬಂದವರ ಪ್ರಶ್ನೆಗಳಿಗೆ ಉತ್ತರಿಸುವ ಕೆಲಸವನ್ನು ನಂಬಿಕೆಯ ಒಬ್ಬರಿಗೆ ಒಪ್ಪಿಸಿ, ‘ಅದರ ಬಗ್ಗೆ ಈಗ ಮಾತಾಡಲಾರೆ’ ಎನ್ನಲು ನಿಮಗೆ ಪೂರ್ಣ ಹಕ್ಕಿದೆ. ಇದೇ ಬಗೆಯ ನಷ್ಟವನ್ನು ಕಂಡವರು ಸೇರಿ ಮಾತನಾಡುವ ಬಳಗಗಳು ಹಲವೆಡೆ ಇವೆ. ಏನನ್ನೂ ವಿವರಿಸದೆಯೇ ಅರ್ಥಮಾಡಿಕೊಳ್ಳುವವರ ನಡುವೆ ಕುಳಿತುಕೊಳ್ಳುವುದರಿಂದ ಸಿಗುವ ನೆಮ್ಮದಿ ಬೇರೆಡೆ ಸಿಗುವುದು ಕಷ್ಟ. ತಿಂಗಳುಗಳು ಉರುಳಿದರೂ ದಿನನಿತ್ಯದ ಬದುಕು ನಡೆಸಲಾಗದಷ್ಟು ತೀವ್ರವಾಗಿ ದುಃಖ ಉಳಿದಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು; 6 ತಿಂಗಳು ಮೀರಿ ಹೀಗೆ ಮುಂದುವರಿಯುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವೇ ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆಪ್ತರನ್ನು ಹೀಗೆ ಕಳೆದುಕೊಂಡವರಲ್ಲಿ ತಾವೂ ಸಾಯಬೇಕೆಂಬ ಯೋಚನೆ ಬರುವ ಅಪಾಯ ಇತರರಿಗಿಂತ ಹೆಚ್ಚು. ಅಂಥ ಯೋಚನೆ ಬಂದರೆ ಕಾಯಬೇಡಿ. ಇಂದೇ, ಈಗಲೇ ಪಕ್ಕದಲ್ಲಿರುವವರಿಗೆ ಹೇಳಿ, ಸಹಾಯವಾಣಿಗೆ ಕರೆಮಾಡಿ ಅಥವಾ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ. ನಿಮ್ಮ ಆಪ್ತರಲ್ಲಿ ಅಂಥ ಯೋಚನೆಯಿರಬಹುದೆಂಬ ಅನುಮಾನ ಬಂದರೆ ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಹೆದರಿಕೆಗೆ ಆಧಾರವಿಲ್ಲ.

ಇಂಥ ಮನೆಗೆ ಹೋಗಲು ಅಂಜುವವರಿಗೆ ಕೊನೆಯದಾಗಿ ಎರಡು ಮಾತು. ಏನು ಹೇಳಬೇಕೆಂದು ತೋಚದಿದ್ದರೆ ‘ಏನು ಹೇಳಬೇಕೋ ತಿಳಿಯುತ್ತಿಲ್ಲ, ಆದರೆ ಬಂದಿದ್ದೇನೆ’ ಎನ್ನಿ, ಸಾಕು. ಕಾರಣ ಕೇಳಬೇಡಿ. ತೀರಿಹೋದವರ ಹೆಸರನ್ನು ಹೇಳಿ, ಅವರು ನಗಿಸಿದ್ದನ್ನು, ನೆರವಾದದ್ದನ್ನು ನೆನೆಯಿರಿ. ಹಲವು ವರ್ಷಗಳ ಬದುಕನ್ನು ಅದರ ಕೊನೆಯ ದಿನವೊಂದಕ್ಕೇ ಇಳಿಸಬೇಡಿ. ಮೂರು ತಿಂಗಳು ಕಳೆದ ಮೇಲೆ, ಬಂದುಹೋಗುವವರು ನಿಂತುಹೋದ ಆ ಹೊತ್ತಿನಲ್ಲಿ, ಮತ್ತೊಮ್ಮೆ ಹೋಗಿ. ತೀರಿಹೋದವರ ಹುಟ್ಟುಹಬ್ಬದ ದಿನ, ವರ್ಷ ತುಂಬುವ ದಿನ ಒಂದು ಕರೆ ಮಾಡಿ.

ನಮಸ್ಕಾರ.