ಎಣ್ಣೆಗೆಂಪು ಅಂದ್ರೆ ಯಾವ ಬಣ್ಣ?

(ತೆರೆಯ ಮೇಲೆ: ಪೇಪರಿನ 'ಕಾಣೆಯಾಗಿದ್ದಾರೆ' ಪ್ರಕಟಣೆ. ಹೆಸರು, ಫೋಟೋ ಮಸುಕು.)

ನಮಸ್ಕಾರ. ಈ ಸಾಲು ನೋಡಿ: "ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು." ಬೆಂಗಳೂರಲ್ಲಿ ಕನ್ನಡ ಪೇಪರ್ ಓದುವವರಿಗೆ ಇದು ಬಾಯಿಪಾಠ. ಆದರೆ ಎಣ್ಣೆಗೆಂಪು ಎಂದರೆ ಯಾವ ಬಣ್ಣ ಅಂತ ಕೇಳಿ, ತಡವರಿಸುತ್ತಾರೆ.

ಪದ ಬಿಡಿಸುವುದು ಸುಲಭ. ಎಣ್ಣೆ, ಕೆಂಪು ಸೇರಿದಾಗ ಕ ಹೋಗಿ ಗ ಬರುತ್ತದೆ, ಮಳೆಗಾಲದ ಹಾಗೆ. ಶಾಲೆಯ ಆದೇಶ ಸಂಧಿ, ಅಷ್ಟೇ. ಗೊಂದಲ ಇರುವುದು ಕೆಂಪಿನಲ್ಲಿ. ನಮ್ಮ ಮನೆಗಳಲ್ಲಿ "ಹುಡುಗಿ ಕೆಂಪಗಿದ್ದಾಳೆ" ಅಂದರೆ ಬೆಳ್ಳಗಿದ್ದಾಳೆ ಅಂತ ಅಲ್ವಾ? ಆ ಕೆಂಪಿನ ಹಿಂದೆ ಎಣ್ಣೆ ಬಂದು ಕೂತರೆ ಬಣ್ಣ ಕಪ್ಪಿನ ಕಡೆ ಜಾರುತ್ತದೆ, ಕಂದು ಅನ್ನಿ, ಜೊತೆಗೆ ಒಂದಿಷ್ಟು ಹೊಳಪು. ಇನ್ನೂ ಕಪ್ಪಾದರೆ ಎಣ್ಣೆಗಪ್ಪು.

(ತೆರೆಯ ಮೇಲೆ: ಬಸವನಗುಡಿಯ ದೊಡ್ಡ ಬಸವಣ್ಣ.)

ಎಣ್ಣೆಯೇ ಯಾಕೆ? ಈ ಬಸವಣ್ಣನನ್ನು ನೋಡಿ. ಕಲ್ಲು ಮೊದಲಿಗೆ ಬೂದು ಬಣ್ಣದ್ದು, ಎಣ್ಣೆ ಹಚ್ಚಿ ಹಚ್ಚಿ ಹೀಗೆ ಕಪ್ಪಗೆ ಮಿಂಚುತ್ತಿದೆ. ಇದ್ದಿಲೂ ಕಪ್ಪೇ, ಆದರೆ ಅದರಲ್ಲಿ ಈ ಮಿಂಚು ಇಲ್ಲ.

ಇದು ಮೈಬಣ್ಣಕ್ಕೆ ಹೇಳುವ ಮಾತು. ಚಿಕ್ಕಪೇಟೆಗೆ ಹೋಗಿ ಎಣ್ಣೆಗೆಂಪು ಸೀರೆ ತೋರಿಸಿ ಅಂದರೆ ಅಂಗಡಿಯವರು ಸುಮ್ನೆ ನಿಮ್ಮ ಮುಖ ನೋಡುತ್ತಾರೆ. ಸೀರೆಗೆ ಕಡುಗೆಂಪು, ಕಡುನೀಲಿ ಅನ್ನಿ. (ಈ 'ಕಡು' ಬಣ್ಣಕ್ಕೇ ಅಂಟಿಕೊಂಡಿಲ್ಲ, ಕಡುಬಡವನಲ್ಲೂ ಇದೆ, ಕಡುವೈರಿಯಲ್ಲೂ ಇದೆ.)

ತಮಾಷೆ ಏನು ಗೊತ್ತಾ, ಪೊಲೀಸ್ ಪ್ರಕಟಣೆಯಲ್ಲಿ ಇಷ್ಟೊಂದು ಜನ ಎಣ್ಣೆಗೆಂಪು ಇರುವ ಊರಲ್ಲಿ ಮದುವೆ ಜಾಹೀರಾತಿಗೆ ಬರುವ ಹೊತ್ತಿಗೆ ಎಲ್ಲರೂ ಗೋಧಿ ಬಣ್ಣ ಆಗಿಬಿಡುತ್ತಾರೆ. ಇನ್ನು ಹೆಣ್ಣು ನೋಡಿ ಬಂದವರು "ಸ್ವಲ್ಪ ಕಪ್ಪು, ಆದ್ರೆ ಲಕ್ಷಣವಾಗಿದ್ದಾಳೆ" ಅನ್ನುತ್ತಾರಲ್ಲ, ಆ 'ಆದ್ರೆ' ಯಾಕೆ ಬೇಕಿತ್ತು? ಹಿಂದೂಸ್ತಾನ್ ಯೂನಿಲಿವರ್ 1975ರಿಂದ ಮಾರುತ್ತಿದ್ದ 'ಫೇರ್ ಅಂಡ್ ಲವ್ಲಿ' ಕ್ರೀಮಿನ ಹೆಸರಲ್ಲಿದ್ದ 'ಫೇರ್' (ಅಂದ್ರೆ ಬೆಳ್ಳಗೆ) ತೆಗೆದು 2020ರಲ್ಲಿ 'ಗ್ಲೋ' ಅಂತ ಇಟ್ಟಿತು. ಡಬ್ಬಿ ಮೇಲಿನ ಹೆಸರು ಹೋಯಿತು, ಹೆಣ್ಣು ನೋಡುವವರ 'ಆದ್ರೆ' ಹೋಗಲಿಲ್ಲ.

ನನ್ನ ಕೇಳಿದರೆ ಪೊಲೀಸರ ಪದವೇ ವಾಸಿ. ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ, ಗುರುತು ಹೇಳಿ ಸುಮ್ಮನಾಗುತ್ತದೆ. ಹಾಗಂತ ಎದುರಿಗೆ ಸಿಕ್ಕವರಿಗೆಲ್ಲ "ನೀವು ಎಣ್ಣೆಗೆಂಪು" ಅಂತ ಹೇಳಿಕೊಂಡು ಹೋಗಬೇಡಿ, ಬೈಸಿಕೊಳ್ಳುತ್ತೀರಿ! ಕಥೆಯಲ್ಲೋ ವರದಿಯಲ್ಲೋ ಒಬ್ಬರ ಚಹರೆ ಬರೆಯುವಾಗ ಬಳಸಿ. ನಿಮ್ಮ ಊರ ಕಡೆ ಈ ಬಣ್ಣಕ್ಕೆ ಬೇರೆ ಹೆಸರು ಇದ್ದರೆ ಕೆಳಗೆ ಬರೆಯಿರಿ.